ಜೆಟ್ ಎಂಜಿನ್ನಿಗೆ ನಿಂಬೆಹಣ್ಣು

ದುರ್ಗದ ಕಡೆಯ ಒಂದು ಎಂಜಿನಿಯರಿಂಗ್ ಕಾಲೇಜು. ಕೊನೇ ವರ್ಷದ ನಾಗವೇಣಿ ಮತ್ತು ಗೆಳತಿಯರು ಗುಜರಿಯಿಂದ ಲಾರಿಯ ಟರ್ಬೊ ತಂದು, ಅದಕ್ಕೆ ಸ್ಟೀಲ್ ಕೊಳವೆ ಬೆಸೆದು, ಗ್ಯಾಸ್ ಸಿಲಿಂಡರ್ ಜೋಡಿಸಿ ಜೆಟ್ ಎಂಜಿನ್ ಕಟ್ಟಿದ್ದರು. ವರ್ಷವಿಡೀ ಆ ಕಡೆ ತಲೆ ಹಾಕದ ವಿಭಾಗದ ಮುಖ್ಯಸ್ಥ ತಿಪ್ಪೇರುದ್ರಪ್ಪನವರು ಪ್ರದರ್ಶನದ ದಿನ ಬೋರ್ಡು ಹಿಡಿದು ಬಂದರು. ಅದರಲ್ಲಿ ‘ನಿರ್ಮಾತೃ: ಡಾ. ತಿಪ್ಪೇರುದ್ರಪ್ಪ’ ಅಂತ ದಪ್ಪಕ್ಷರ.

“ಇದನ್ನ ಎಂಜಿನ್ ಮುಂದೆ ನಿಲ್ಲಿಸಮ್ಮ. ಇಲ್ದಿದ್ರೆ ಮಾರ್ಕ್ಸ್ ಮರೆತುಬಿಡಿ.”

ಗೆಳತಿಯರು ಹಲ್ಲು ಕಡಿದರು. ನಾಗವೇಣಿ ಮಾತ್ರ ಬೋರ್ಡನ್ನು ದುಪಟ್ಟಾದಲ್ಲಿ ಒರೆಸಿ ನಿಲ್ಲಿಸಿದಳು. ಎಂಜಿನ್ನಿಗೆ ಅರಿಶಿನ ಕುಂಕುಮ ಹಚ್ಚಿದಳು, ಮುಂದೆ ನಿಂಬೆಹಣ್ಣು ಇಟ್ಟಳು. ಆಮೇಲೆ ಹೆಲ್ಮೆಟ್ಟನ್ನೂ ಉದ್ದನೆಯ ಲೈಟರನ್ನೂ ಸಾಹೇಬರ ಕೈಗಿತ್ತಳು.

“ಇದ್ಯಾಕೆ?”

“ಪೂಜೆ ಆದ್ಮೇಲೆ ಹೊಸ ಗಾಡೀನ ಯಜಮಾನ್ರೇ ಅಲ್ವಾ ಸರ್ ಮೊದಲು ಸ್ಟಾರ್ಟ್ ಮಾಡೋದು? ಹತ್ತಿಸಿ. ನಾವೆಲ್ಲ ಆ ಗೋಡೆ ಹಿಂದೆ ನಿಂತಿರ್ತೀವಿ.”

ತಿಪ್ಪೇರುದ್ರಪ್ಪನವರು ಸಿಲಿಂಡರ್ ನೋಡಿದರು. ಗೋಡೆ ನೋಡಿದರು. ಹೆಲ್ಮೆಟ್ಟನ್ನೂ ಲೈಟರನ್ನೂ ನಾಗವೇಣಿಯ ಕೈಗೇ ವಾಪಸ್ ತುರುಕಿದರು.

“ಛೇ ಛೇ, ಕಟ್ಟಿದೋರು ನೀವು. ನಂದೇನಿದ್ರೂ ಮಾರ್ಗದರ್ಶನ ಅಷ್ಟೇ!”

ಬೋರ್ಡನ್ನು ಕಂಕುಳಲ್ಲಿ ಇರುಕಿಕೊಂಡು ಗೋಡೆಯ ಹಿಂದೆ ಎಲ್ಲರಿಗಿಂತ ಮೊದಲು ಸೇರಿಕೊಂಡವರು ಅವರೇ.

ನಾಗವೇಣಿ ಹೆಲ್ಮೆಟ್ ತೊಟ್ಟು ಹತ್ತಿಸಿದಳು. ಎಂಜಿನ್ ಶಿಳ್ಳೆ ಹೊಡೆಯಿತು, ಬೆಂಕಿ ಉಗುಳಿತು, ಕಟ್ಟಡ ನಡುಗುವಂತೆ ಮೊರೆಯಿತು. ನೋಡುಗರ ಚಪ್ಪಾಳೆಯೋ ಚಪ್ಪಾಳೆ. ಅದು ಕಿವಿಗೆ ಬಿದ್ದದ್ದೇ ತಡ, ಸಾಹೇಬರು ಬೋರ್ಡು ಎತ್ತಿ ಹಿಡಿದು ಓಡಿ ಬಂದರು.

“ನೋಡಿದ್ರಾ ನನ್ನ ಎಂಜಿನ್ನು!”

“ಬನ್ನಿ ಸರ್,” ನಾಗವೇಣಿ ಪಕ್ಕಕ್ಕೆ ಸರಿದು, ಇನ್ನೂ ಮೊರೆಯುತ್ತಿದ್ದ ಎಂಜಿನ್ನಿನ ಕಡೆಗೆ ದಾರಿ ಬಿಟ್ಟಳು. “ಆರಿಸೋದೂ ಯಜಮಾನ್ರೇ.”

ಬೋರ್ಡು ಮತ್ತೆ ಗೋಡೆಯ ಹಿಂದೆ ಹೋಯಿತು.