ಸಿಟ್ಟಿನಕಟ್ಟಿಗೆ ಆ ಹೆಸರು ಬಂದ ಬಗೆ

ಮಡ್ಡಿಬೂದಿಹಾಳಕ್ಕೆ ರೈಲಿನಲ್ಲಿ ಬರುವ ಹೊಸಬರಿಗೆ ಆ ಹೆಸರು ನಿಲ್ದಾಣದ ಹಳದಿ ಫಲಕದ ಮೇಲೆ ಮಾತ್ರ ಕಾಣಸಿಗುತ್ತದೆ. ಜನರ ಬಾಯಲ್ಲಿ ಕೇಳಸಿಗುವುದಿಲ್ಲ. ಎರೆಹೊಲಗಳ ನಡುವೆ ಗಾಡಿ ನಿಧಾನವಾಗುತ್ತಿದ್ದಂತೆ ಇಳಿಯುವವರೆಲ್ಲ ಸಿಟ್ಟಿನಕಟ್ಟಿ ಬಂತೆಂದು ಗಂಟುಮೂಟೆ ಎತ್ತಿಕೊಳ್ಳುತ್ತಾರೆ. ನಿಲ್ದಾಣ ದೊಡ್ಡದೇನಲ್ಲ. ತಗಡಿನ ಚಾವಣಿಯ ಟಿಕೆಟ್ ಕೋಣೆ, ಒಂದು ನಲ್ಲಿ, ಒಂದು ಬೆಂಚು, ಹಳೆಯ ಬೇವಿನ ಮರದ ಸುತ್ತ ಕರಿಗಲ್ಲಿನಲ್ಲಿ ಕಟ್ಟಿದ ಕಟ್ಟೆ. ಜನ ಕೂತು ಕೂತು ಕಟ್ಟೆಯ ಅಂಚು ನುಣ್ಣಗಾಗಿದೆ. ತಾಲೂಕಿನ ಚರಿತ್ರೆ ಬರೆದ ಪಂಡಿತರೊಬ್ಬರು ಇದು ಮೂಲದಲ್ಲಿ ‘ಸೆಟ್ಟಿಯ ಕಟ್ಟೆ’ ಆಗಿದ್ದಿರಬೇಕು, ಯಾರೋ ಉದಾರಿ ವರ್ತಕ ದಾರಿಹೋಕರಿಗಾಗಿ ಕಟ್ಟಿಸಿದ್ದಿರಬೇಕು ಎಂದು ಊಹಿಸಿದ್ದಾರೆ. ಊರ ಹಿರಿಯರು ಈ ಊಹೆಯನ್ನು ಗೌರವದಿಂದ ಕೇಳಿ, ಯಾವ ಸೆಟ್ಟಿಯೂ ತಮ್ಮೂರಿಗೆ ಒಂದು ಕಲ್ಲನ್ನೂ ಹಾಕಿಸಿಕೊಟ್ಟ ನೆನಪಿಲ್ಲ ಎನ್ನುತ್ತಾರೆ. ಆ ಹೆಸರು ಬಂದದ್ದು ಒಬ್ಬ ಹೆಣ್ಣುಮಗಳ ಸಿಟ್ಟಿನಿಂದ. ನಿಂತುಹೋಗಿದ್ದ ರೈಲು ಈ ದಾರಿಗೆ ಮರಳಿ ಬಂದದ್ದೂ ಅದೇ ಸಿಟ್ಟಿನಿಂದ.

ಹಿಂದೆ ಒಮ್ಮೆ, ಉಗಿಬಂಡಿಗಳ ಕಾಲದಲ್ಲಿ, ಈ ಹಳಿಗಳ ಮೇಲೆ ಎರಡೇ ಡಬ್ಬಿಗಳ ಗಾಡಿಯೊಂದು ಓಡಾಡುತ್ತಿತ್ತು. ಬೆಳಿಗ್ಗೆ ಜಂಕ್ಷನ್ನಿನಿಂದ ಬಂದು, ಮಡ್ಡಿಬೂದಿಹಾಳದಲ್ಲಿ ನಿಂತು, ಊರಾಚೆಯ ಮಡ್ಡಿ ದಿಬ್ಬದ ಇಳಿಜಾರು ಇಳಿದು ಹೊಳಿಮಾಸೂರಿಗೆ ಹೋಗುವುದು. ಮಧ್ಯಾಹ್ನ ಅದೇ ಮಡ್ಡಿಯನ್ನು ಏದುಸಿರು ಬಿಡುತ್ತ ಏರಿ ಹಿಂದಿರುಗುವುದು. ಊರಿನಲ್ಲಿ ಅಂದಾನಪ್ಪನೆಂಬ ಗಾಣಿಗನಿದ್ದ. ಕುಸುಬಿ ಎಣ್ಣೆ ತೆಗೆದು ಹೊಳಿಮಾಸೂರಿನ ಸಂತೆಗೆ ಒಯ್ಯುವುದು ಅವನ ಕಸುಬು. ಮೆತ್ತನೆಯ ಮಾತಿನವನು, ಜಗಳವೆಂದರೆ ದಾರಿ ಬಿಟ್ಟು ಹೋಗುವವನು. ಹೊಳಿಮಾಸೂರಿನ ನೀಲಗಂಗವ್ವನನ್ನು ಅವನಿಗೆ ಕೊಡುವ ಮಾತು ಬಂದಾಗ ಹುಡುಗಿಯ ಅಪ್ಪ ಹೊಲ ಕೇಳಲಿಲ್ಲ, ಮನೆ ಕೇಳಲಿಲ್ಲ. ಮಗಳಿಗೆ ಮೂಗಿನ ತುದಿಯಲ್ಲೇ ಸಿಟ್ಟು, ಆದರೆ ಗಾಡಿ ಇರುವುದರಿಂದ ಚಿಂತೆಯಿಲ್ಲ, ಸಿಟ್ಟು ಬಂದರೆ ಬೆಳಿಗ್ಗೆ ಹತ್ತಿ ಬಂದು ಉಂಡು ಮಧ್ಯಾಹ್ನ ಹೊರಡುತ್ತಾಳೆ ಎಂದನಂತೆ. ಹಾಗೆಯೇ ನಡೆಯಿತು. ಸಿಟ್ಟು ಬಂದಾಗಲೆಲ್ಲ ನೀಲಗಂಗವ್ವ ಗಂಟು ಕಟ್ಟಿಕೊಂಡು ನಿಲ್ದಾಣಕ್ಕೆ ಬರುವಳು. ತವರಿನಲ್ಲಿ ಅವ್ವನ ಮುಂದೆ ಗಂಡನನ್ನು ಮನಸಾರೆ ಬೈದು, ಬಿಸಿ ರೊಟ್ಟಿ ಉಂಡು, ಮಧ್ಯಾಹ್ನದ ಗಾಡಿಗೆ ಹಗುರಾಗಿ ಮರಳುವಳು. ಊರಿನ ಉಳಿದ ಹೆಂಗಸರೂ ಇದೇ ರೂಢಿ ಮಾಡಿಕೊಂಡರು. ಆ ಕಾಲದಲ್ಲಿ ಮಡ್ಡಿಬೂದಿಹಾಳದ ಯಾವ ಜಗಳವೂ ಬೈಗು ಕಾಣುತ್ತಿರಲಿಲ್ಲ ಎನ್ನುತ್ತಾರೆ.

ಈ ವ್ಯವಸ್ಥೆಯಲ್ಲಿ ಒಂದೇ ಕೊರತೆಯಿತ್ತು. ಊರಿನವರು ಯಾರೂ ಟಿಕೆಟ್ ತೆಗೆಸುತ್ತಿರಲಿಲ್ಲ. ಹೋಗುವಾಗ ನಿಲ್ದಾಣದ ಹಿಂಬದಿಯಿಂದ ಹತ್ತುವುದು. ಬರುವಾಗ ಮಡ್ಡಿಯ ಏರಿನಲ್ಲಿ ಗಾಡಿ ಆಮೆಯಂತಾದಾಗ ಗಂಡಸರೆಲ್ಲ ತಂತಮ್ಮ ಹೊಲದ ಬದುವಿಗೆ ಧುಮುಕಿಬಿಡುವುದು. ಹೆಂಗಸರು ಮಕ್ಕಳು ಮಾತ್ರ ನಿಲ್ದಾಣದವರೆಗೆ ಕೂತು, ಬೇಲಿ ಮುರಿದಲ್ಲಿ ನುಸುಳುವರು. ಅಂದಾನಪ್ಪನಂತೂ ಸಂತೆಯಲ್ಲಿ ಮಾರಿ ಉಳಿದ ಎಣ್ಣೆಯ ಡಬ್ಬಿ ಹಿಡಿದು ಹನಿ ಚೆಲ್ಲದೆ ಧುಮುಕುವುದರಲ್ಲಿ ಸುತ್ತಲಿಗೆಲ್ಲ ಹೆಸರಾಗಿದ್ದ. ಬೀಗರು ಬಂದರೆ ಅವರನ್ನು ಹೊಲಕ್ಕೆ ಕರೆದೊಯ್ದು ಅವನು ಇಳಿಯುವುದನ್ನು ತೋರಿಸುವ ಪದ್ಧತಿಯಿತ್ತು. ಟಿಕೆಟ್ ತೆಗೆಸುತ್ತಿದ್ದವಳು ನೀಲಗಂಗವ್ವ ಒಬ್ಬಳೇ. ಸಿಟ್ಟು ಮಾಡಿಕೊಂಡು ತವರಿಗೆ ಹೋಗುವವಳು ಕಳ್ಳಿಯ ಹಾಗೆ ಹಿಂಬದಿಯಿಂದ ಹತ್ತಿದರೆ ಆ ಸಿಟ್ಟಿಗೆ ಏನು ಮರ್ಯಾದೆ ಉಳಿಯಿತು ಎಂಬುದು ಅವಳ ವಾದ. ಹೀಗಾಗಿ ರೈಲಿನವರ ದೃಷ್ಟಿಯಲ್ಲಿ ಮಡ್ಡಿಬೂದಿಹಾಳದಿಂದ ಆ ಒಬ್ಬಳ ಹೊರತು ಯಾರೂ ಎಲ್ಲಿಗೂ ಹೋಗುತ್ತಿರಲಿಲ್ಲ. ಮುಂದಿನ ಊರುಗಳ ಕಥೆಯೂ ಹೆಚ್ಚು ಬೇರೆಯಾಗಿರಲಿಲ್ಲ. ಒಂದು ಬೇಸಿಗೆಯಲ್ಲಿ, ಪ್ರಯಾಣಿಕರೇ ಇಲ್ಲದ ದಾರಿಯಲ್ಲಿ ಪ್ರಯಾಣಿಕರ ಗಾಡಿ ಏಕೆಂದು ಅದನ್ನು ನಿಲ್ಲಿಸಿಬಿಟ್ಟರು.

ಮೊದಲ ಕೆಲವು ವಾರ ಊರಿಗೆ ಇದರ ಬಿಸಿ ತಟ್ಟಲಿಲ್ಲ. ಹಳಿಗಳ ಮೇಲೆ ಮೆಣಸಿನಕಾಯಿ ಒಣಹಾಕಿದರು. ಜಾಲಿ ಬೆಳೆಯಿತು, ಆಡುಗಳಿಗೆ ಮೇವಾಯಿತು. ಆದರೆ ದಿನ ಕಳೆದಂತೆ ಜಗಳಗಳು ಮನೆಯೊಳಗೇ ಉಳಿಯತೊಡಗಿದವು. ಬೆಳಿಗ್ಗೆ ಹುಟ್ಟಿದ್ದು ಮಧ್ಯಾಹ್ನ ಇಳಿಯುವ ಬದಲು ಅಮಾವಾಸ್ಯೆಯವರೆಗೆ ಬೆಳೆಯಿತು. ತವರಿಗೆ ಹೋಗಲು ಬಸ್ಸು ಇತ್ತು ನಿಜ. ಆದರೆ ಮಡ್ಡಿಯನ್ನು ಬಳಸಿ, ತಾಲೂಕಿನಲ್ಲಿ ಇಳಿದು, ಇನ್ನೊಂದು ಹಿಡಿದು ಹೋಗುವಷ್ಟರಲ್ಲಿ ದಿನ ಮುಗಿಯುತ್ತಿತ್ತು. ಅಂದಾನಪ್ಪ ಬಸ್ಸಿನ ಮಾತೆತ್ತಿದಾಗ ನೀಲಗಂಗವ್ವ ಕೊಟ್ಟ ಉತ್ತರ ಊರಿನಲ್ಲಿ ಇಂದಿಗೂ ಉಳಿದಿದೆ.

“ಬಸ್ಸಿನ್ಯಾಗ ಕುಂತ್ರ ನನಗ ವಾಂತಿ ಆಗತೈತಿ. ವಾಂತಿ ಮಾಡ್ಕೋತ ಯಾರರ ಸಿಟ್ಟಿನಿಂದ ತವರಿಗೆ ಹೋಗ್ತಾರೇನು?”

ಗಾಡಿ ನಿಂತದ್ದು ಧುಮುಕುವ ಗಂಡಸರಿಂದ, ಅವರಲ್ಲಿ ಮೊದಲಿಗ ತನ್ನ ಗಂಡ ಎಂದು ಅವಳು ತೀರ್ಮಾನಿಸಿದಳು. ಒಂದು ದಿನ ಗಂಟು ಕಟ್ಟಿಕೊಂಡು ಹೋಗಿ ಬೇವಿನ ಮರದ ಕಟ್ಟೆಯ ಮೇಲೆ ಕೂತಳು. ಗಾಡಿ ಬರುವವರೆಗೆ ಏಳುವುದಿಲ್ಲ ಎಂದಳು. ಹಗಲಿರುಳೆನ್ನದೆ ವರ್ಷವಿಡೀ ಅಲ್ಲೇ ಕೂತಳೆಂದು ಹಾಡುವವರಿದ್ದಾರೆ, ಅದು ಉತ್ಪ್ರೇಕ್ಷೆ. ಸಂಜೆ ಮನೆಗೆ ಬಂದು ಅಡುಗೆ ಮಾಡುತ್ತಿದ್ದಳು, ಬೆಳಗಾದರೆ ಮತ್ತೆ ಹೋಗಿ ಕೂರುತ್ತಿದ್ದಳು. ಗಂಡನೊಡನೆ ಮಾತ್ರ ಮಾತು ಬಿಟ್ಟಳು. ಹೇಳಲೇಬೇಕಾದ್ದನ್ನು ಗಾಣದ ಎತ್ತಿಗೆ ಹೇಳುವಳು: ಊಟ ಆರುತ್ತದೆ, ಅವರಿಗೆ ಬರಲು ಹೇಳು. ಅಂದಾನಪ್ಪನೂ ಎತ್ತಿಗೇ ಉತ್ತರ ಕೊಡುವನು. ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡ ಎತ್ತು ಇಬ್ಬರ ಮಾತನ್ನೂ ಕೇಳುತ್ತ ಸುತ್ತುತ್ತಿತ್ತು. ಈ ನಡುವೆ ಊರಿನ ಬೇರೆ ಹೆಂಗಸರು ತಮಗೂ ಸಿಟ್ಟಿದೆಯೆಂದು ನೆನಪಿಸಿಕೊಂಡು ಬಂದು ಕಟ್ಟೆಯ ಮೇಲೆ ಜಾಗ ಹಿಡಿದರು. ಕಡಲೆ ಸುಲಿಯುವುದು, ಕೌದಿ ಹೊಲಿಯುವುದು, ಗಂಡಂದಿರನ್ನು ಬೈಯುವುದು ಎಲ್ಲ ಅಲ್ಲೇ ನಡೆಯಿತು. ಹೆಂಡತಿ ಎಲ್ಲಿ ಎಂದು ಯಾರಾದರೂ ಕೇಳಿದರೆ ಗಂಡಸರು ‘ಸಿಟ್ಟಿನ ಕಟ್ಟಿ ಮ್ಯಾಲ’ ಎಂದು ಆ ಕಡೆ ಕೈ ತೋರಿಸತೊಡಗಿದರು. ಹೆಸರು ಹುಟ್ಟಿದ್ದು ಹೀಗೆ.

ಅಷ್ಟರಲ್ಲಿ ಹಳಿಗಳನ್ನೇ ಕಿತ್ತೊಯ್ಯುತ್ತಾರೆಂಬ ಸುದ್ದಿ ಬಂತು. ಹಳಿ ಹೋದರೆ ನೀಲಗಂಗವ್ವ ಜೀವಮಾನವಿಡೀ ಕಟ್ಟೆಯ ಮೇಲೆ ಕೂರುವವಳೇ ಎಂದು ಅಂದಾನಪ್ಪನಿಗೆ ಅನುಮಾನವಿರಲಿಲ್ಲ. ಅವಳಿಲ್ಲದ ಹಗಲು ಅವನಿಗೆ ಬಹಳ ಉದ್ದವೆನಿಸುತ್ತಿತ್ತು. ಬೈಗುಳವಾದರೂ ನೇರವಾಗಿ ತನಗೇ ಬರಲಿ ಎಂದು ಹಂಬಲಿಸುತ್ತಿದ್ದ. ಜಗಳಕ್ಕೆ ಹೆದರುತ್ತಿದ್ದ ಆ ಮನುಷ್ಯ ತಲೆಗೆ ರುಮಾಲು ಸುತ್ತಿ ಪಟ್ಟಣದ ರೈಲು ಕಚೇರಿಗೆ ಹೋಗಿ ಬಾಗಿಲಲ್ಲಿ ನಿಂತ. ನರಹರಿ ಎಂಬ ದೊಡ್ಡ ಸಾಹೇಬರು, ಮೈಸೂರು ಕಡೆಯವರು, ಅವನ ಅಹವಾಲು ಕೇಳಿದರು. ನಿಮ್ಮೂರಿನಿಂದ ಪ್ರಯಾಣವೇ ಇಲ್ಲವಲ್ಲ, ಯಾರೋ ಒಬ್ಬರು ಆಗಾಗ ಹೊಳಿಮಾಸೂರಿಗೆ ಹೋಗಿ ಅದೇ ದಿನ ಬಂದದ್ದು ಬಿಟ್ಟರೆ ಮತ್ತೇನೂ ಕಾಣುವುದಿಲ್ಲ, ಅದು ಯಾರೋ ವ್ಯಾಪಾರಸ್ಥರಿರಬೇಕು ಎಂದರು. ಅಂದಾನಪ್ಪ ನೆಲ ನೋಡಿದ.

“ಆಕಿ ನನ್ನ ಹೆಂಡ್ತಿ ರೀ, ಸಾಹೇಬ್ರ.”

ಸಾಹೇಬರು ಕನ್ನಡಕ ತೆಗೆದರು. ಹಾಗಾದರೆ ಇಷ್ಟು ವರ್ಷ ಸರಕಾರ ಕಲ್ಲಿದ್ದಲು ಸುಟ್ಟದ್ದು ನಿಮ್ಮ ಮನೆಯ ಜಗಳಕ್ಕೋ ಎಂದು ಕೇಳಿದರು. ಅಂದಾನಪ್ಪ ಆಗ ಎಲ್ಲವನ್ನೂ ಹೇಳಿಬಿಟ್ಟ: ಹಿಂಬದಿಯಿಂದ ಹತ್ತುವುದು, ಮಡ್ಡಿಯಲ್ಲಿ ಧುಮುಕುವುದು, ಕಟ್ಟೆ, ಎತ್ತು. ಸಾಹೇಬರು ಕನ್ನಡಕವನ್ನು ಮತ್ತೆ ಏರಿಸಿಕೊಂಡು, ಹಳಿ ಕೀಳುವ ಮೊದಲು ಒಂದು ಪರೀಕ್ಷೆಯ ಗಾಡಿ ಓಡಿಸುತ್ತೇನೆ, ಜಾಲಿ ಕಡಿದು ಹಳಿ ತೆರವು ಮಾಡುವುದು ನಿಮ್ಮ ಕೆಲಸ, ಟಿಕೆಟ್ ಪಡೆದ ಜನ ನನ್ನ ಕಣ್ಣೆದುರು ನಿಲ್ದಾಣದಲ್ಲಿ ಹತ್ತಿ ನಿಲ್ದಾಣದಲ್ಲೇ ಇಳಿಯಬೇಕು, ಕಂಡರೆ ಮೇಲಕ್ಕೆ ಬರೆಯುತ್ತೇನೆ, ಇಲ್ಲದಿದ್ದರೆ ಹಳಿ ಎತ್ತಿಸುತ್ತೇನೆ ಎಂದರು.

ಮಡ್ಡಿಬೂದಿಹಾಳ ಅಂಥ ದಿನವನ್ನು ಮತ್ತೆ ಕಂಡಿಲ್ಲ ಎನ್ನುತ್ತಾರೆ. ಗಂಡಸರು ಕ್ಷೌರ ಮಾಡಿಸಿಕೊಂಡು ಮಡಿ ಧೋತರ ಉಟ್ಟು ಬೆಳಿಗ್ಗೆಯೇ ಟಿಕೆಟ್ ಕೋಣೆಯ ಮುಂದೆ ಸಾಲುಗಟ್ಟಿದರು. ಟಿಕೆಟ್ ಎಂದರೆ ಹೇಗಿರುತ್ತದೆಂದು ನೋಡಿರದ ಹಿರಿಯರು ಅದನ್ನು ಹಣೆಗೊತ್ತಿಕೊಂಡು ಅಂಗಿಯ ಒಳಜೇಬಿಗೆ ಸೇರಿಸಿದರು. ಹೋಗುವಾಗ ಎಲ್ಲವೂ ಸರಿಯಾಗಿತ್ತು. ಜನ ನಿಲ್ದಾಣದ ಮುಂಬದಿಯಿಂದ ಹತ್ತಿದರು. ಸಾಹೇಬರು ಕೊಡೆ ಹಿಡಿದು ನಿಂತು ನೋಡಿ ತಲೆದೂಗಿದರು, ಹಿಂದಿರುಗುವುದನ್ನೂ ನೋಡಬೇಕೆಂದು ಅಲ್ಲೇ ಉಳಿದರು. ಹೊಳಿಮಾಸೂರಿನಲ್ಲಿ ಚಹಾ ಕುಡಿದು, ಗೆದ್ದೇಬಿಟ್ಟೆವೆಂದು ಹರಟುತ್ತ ಗಂಡಸರು ಮಧ್ಯಾಹ್ನದ ಗಾಡಿ ಹತ್ತಿದರು. ನೀಲಗಂಗವ್ವ ಮಾತ್ರ ಆ ದಿನ ಪ್ರಯಾಣ ಮಾಡಲಿಲ್ಲ. ಪರೀಕ್ಷೆಯ ಗಾಡಿಯಲ್ಲಿ ಹೋಗುವ ಸಿಟ್ಟು ತನ್ನದಲ್ಲ, ದಿನದ ಗಾಡಿ ಬರಲಿ ಎಂದು ಕಟ್ಟೆಯ ಮೇಲೇ ಕೂತಿದ್ದಳು.

ಗಾಡಿ ಮಡ್ಡಿಯ ಏರಿಗೆ ಬಂತು. ಎಂಜಿನ್ನು ಹಳೆಯ ಹಾಗೆಯೇ ಏದುಸಿರು ಬಿಟ್ಟಿತು, ಡಬ್ಬಿಗಳು ಹಳೆಯ ಹಾಗೆಯೇ ಕುಂಟಿದವು. ಯಾರೂ ಯಾರಿಗೂ ಏನೂ ಹೇಳಲಿಲ್ಲ. ಬಾಗಿಲ ಬಳಿಯಿದ್ದ ಅಂದಾನಪ್ಪನ ಕೈ ತಾನಾಗಿ ಸರಳು ಹಿಡಿಯಿತು, ಕಾಲು ತಾನಾಗಿ ಮೆಟ್ಟಿಲಿಗಿಳಿಯಿತು. ತಾನು ಏನು ಮಾಡುತ್ತಿದ್ದೇನೆಂದು ಅವನಿಗೆ ಹೊಳೆದಾಗ ಅವನು ಗಾಳಿಯಲ್ಲಿದ್ದ. ಕೈಯಲ್ಲಿ ಎಣ್ಣೆಯ ಡಬ್ಬಿ ಇರಲಿಲ್ಲವಾದ್ದರಿಂದ ತೂಕ ತಪ್ಪಿ, ಜೀವನದಲ್ಲಿ ಮೊದಲ ಬಾರಿಗೆ ಮೊಣಕಾಲೂರಿ ಬಿದ್ದ. ತಲೆಯೆತ್ತಿ ನೋಡಿದರೆ ಎರಡೂ ಡಬ್ಬಿಗಳಿಂದ ಊರ ಗಂಡಸರು ಒಬ್ಬರ ಹಿಂದೊಬ್ಬರು ಮಡಿ ಧೋತರ ಎತ್ತಿಕೊಂಡು ಬದುವಿಗೆ ಧುಮುಕುತ್ತಿದ್ದರು. ಗಾಡಿ ಹಗುರಾಗಿ, ಸಂತೋಷದಿಂದೆಂಬಂತೆ ಶಿಳ್ಳೆ ಹಾಕಿ, ಬೇಗ ಬೇಗನೆ ಏರು ಹತ್ತಿ ಮರೆಯಾಯಿತು.

ನಿಲ್ದಾಣದಲ್ಲಿ ಇಳಿದವರು ಕೆಲವು ಹೆಂಗಸರು, ಮಕ್ಕಳು ಮತ್ತು ಮುಜುಗರದಲ್ಲಿದ್ದ ಗಾರ್ಡು. ಸಾಹೇಬರು ಎರಡೂ ಡಬ್ಬಿಗಳಲ್ಲಿ ಇಣುಕಿ ಬಂದರು. ಅವರ ಮುಖ ಗಂಟಾಗಿತ್ತು. ಕೊಡೆ ಮಡಚಿ, ನೋಡಬೇಕಾದ್ದನ್ನು ನೋಡಿದ್ದಾಯಿತು, ಹೊರಡೋಣ ಎಂದು ಡ್ರೈವರನಿಗೆ ಸನ್ನೆ ಮಾಡಿದರು. ಆಗ ನೀಲಗಂಗವ್ವ ಕಟ್ಟೆಯಿಂದ ಇಳಿದು ಬಂದು ಅವರ ದಾರಿಗೆ ಅಡ್ಡ ನಿಂತಳು. ಸ್ವಲ್ಪ ತಡೆಯಬೇಕೆಂದು ಕೇಳಿಕೊಂಡಳು. ಗಂಡಸರೆಲ್ಲ ಎಲ್ಲಿ ಎಂದು ಸಾಹೇಬರು ಗದರಿದರು.

“ಬರ್ತಾರ್ರಿ,” ಎಂದಳು ಅವಳು. “ನಡಕೋತ ಬರ್ತಾರ.”

ಅಲ್ಲಿಯವರೆಗೆ ನಿಲ್ಲುವುದೇಕೆಂದು ಅವರನ್ನು ಕಟ್ಟೆಯ ಮೇಲೆ ಕೂರಿಸಿ, ತನ್ನ ಗಂಟು ಬಿಚ್ಚಿ ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಗುರೆಳ್ಳು ಚಟ್ನಿ ಮುಂದಿಟ್ಟಳು. ಸಾಹೇಬರು ಬೇಡವೆಂದರು, ಆಮೇಲೆ ಒಂದು ಚೂರು ಮುರಿದರು, ಆಮೇಲೆ ಇನ್ನೊಂದು ರೊಟ್ಟಿ ಕೇಳಿದರು. ಅವರು ಕೈ ತೊಳೆಯುವ ಹೊತ್ತಿಗೆ ಹಳಿಗಳ ಮೇಲೆ ಧೂಳೆದ್ದಿತು. ಊರ ಗಂಡಸರೆಲ್ಲ ಓಡಿ ಬರುತ್ತಿದ್ದರು. ಎಲ್ಲರೂ ಬಲಗೈಯಲ್ಲಿ ಟಿಕೆಟ್ಟನ್ನು ಮೇಲೆತ್ತಿ ಹಿಡಿದಿದ್ದರು. ಮುಂದೆ ಅಂದಾನಪ್ಪ ಕುಂಟುತ್ತಿದ್ದ. ನೀಲಗಂಗವ್ವ ಅವರನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರಿಂದಲೂ ಟಿಕೆಟ್ಟನ್ನು ಸಾಹೇಬರ ಕೈಗೆ ಕೊಡಿಸಿದಳು. ಸಾಹೇಬರು ಅಂದಾನಪ್ಪನನ್ನು ನೋಡಿದರು.

“ಟಿಕೆಟ್ ಇಲ್ಲದೆ ಓಡಿಹೋಗೋರನ್ನ ನಾನು ಬೇಕಾದಷ್ಟು ನೋಡಿದೀನಿ. ಟಿಕೆಟ್ ಇಟ್ಕೊಂಡು ಯಾಕ್ರಿ ಧುಮುಕಿದ್ರಿ?”

“ಟಿಕೆಟ್ ತಗೊಂಡೇವಂತ ಕಾಲಿಗೆ ಗೊತ್ತಾಗ್ಲಿಲ್ರಿ,” ಎಂದ ಅಂದಾನಪ್ಪ.

ಸಾಹೇಬರು ನಗಬಾರದೆಂದು ಕೊಡೆಯ ಹಿಡಿಕೆ ಕಚ್ಚಿಕೊಂಡರಂತೆ. ಆದರೆ ಗಾರ್ಡು ನಕ್ಕುಬಿಟ್ಟ, ಡ್ರೈವರ ನಕ್ಕ, ಕೊನೆಗೆ ಅವರೂ ಕಟ್ಟೆ ಹಿಡಿದುಕೊಂಡು ನಕ್ಕರು. ಇಷ್ಟು ಪ್ರಯಾಣಿಕರು ಇರುವ ಊರನ್ನು ಖಾಲಿಯೆಂದು ಬರೆಯಲು ತಮ್ಮಿಂದಾಗದು ಎಂದರು. ಆ ಗದ್ದಲದ ನಡುವೆ ನೀಲಗಂಗವ್ವ ಗಂಡನ ಧೋತರದ ಮೇಲಿನ ರಕ್ತ ನೋಡಿದಳು. ಎತ್ತು ಹತ್ತಿರದಲ್ಲಿರಲಿಲ್ಲ.

“ಮೊಣಕಾಲು ಕಿತ್ತೈತಿ. ಮನಿಗೆ ನಡಿ, ಅರಿಶಿಣ ಹಚ್ತೀನಿ,” ಎಂದಳು.

ಎಷ್ಟೋ ತಿಂಗಳ ಮೇಲೆ ತನಗೇ ಬಂದ ಮಾತು ಕೇಳಿ ಅಂದಾನಪ್ಪ ಅಲ್ಲೇ ನಿಂತುಬಿಟ್ಟ. ಇನ್ನೊಂದು ಸಲ ಹೇಳಬೇಕಾಯಿತು.

ಮಳೆಗಾಲ ಕಳೆದ ಮೇಲೆ ಆದೇಶ ಬಂತು, ಗಾಡಿ ಮತ್ತೆ ದಿನವೂ ಓಡಿತು. ಮೊದಲ ದಿನವೇ ನೀಲಗಂಗವ್ವ ಹೊರಟಳು. ಇಷ್ಟು ದಿನ ಕೂಡಿಟ್ಟ ಸಿಟ್ಟನ್ನು ಅವ್ವನ ಮುಂದೆ ಇಳಿಸದೆ ಬಿಟ್ಟರೆ ಹೇಗೆ? ಅಂದಾನಪ್ಪನೇ ಟಿಕೆಟ್ ತೆಗೆಸಿ ಕಿಟಕಿಯೊಳಗೆ ಕೊಟ್ಟ. ತವರಿನಲ್ಲಿ ಒಲೆಯ ಮುಂದೆ ಕೂತು ಅವಳು ಮೊದಲಿಂದ ಹೇಳತೊಡಗಿದಳು. ಮಡಿ ಧೋತರ ಎತ್ತಿ ಓಡಿಬಂದ ಗಂಡಸರವರೆಗೆ ಬರುವಷ್ಟರಲ್ಲಿ ತಾಯಿ ಮಗಳಿಬ್ಬರೂ ನಕ್ಕು ನಕ್ಕು ಹಂಚಿನ ಮೇಲಿನ ರೊಟ್ಟಿ ಹೊತ್ತಿಹೋಯಿತು. ಮಧ್ಯಾಹ್ನದ ಗಾಡಿಗೆ ಅವಳು ಮರಳಿದಳು.

ಈಗ ಉಗಿಬಂಡಿ ಇಲ್ಲ, ಮಡ್ಡಿಯ ಏರನ್ನು ಗಾಡಿ ಗಮನಿಸುವುದೂ ಇಲ್ಲ. ಆದರೆ ಬೆಳಗಿನ ಗಾಡಿಗೆ ಬರುವವರು ಇಂದಿಗೂ ಬೇವಿನ ನೆರಳಲ್ಲಿ ಒಬ್ಬಿಬ್ಬರು ಹೆಂಗಸರು ಗಂಟು ಮಡಿಲಲ್ಲಿಟ್ಟು, ಮುಖ ಊದಿಸಿಕೊಂಡು ಕೂತಿರುವುದನ್ನು ಕಾಣಬಹುದು. ಅವರನ್ನು ಯಾರೂ ಮಾತಾಡಿಸುವುದಿಲ್ಲ. ದೂರದಿಂದ ಅಂಥವರೊಬ್ಬರು ಬರುತ್ತಿರುವುದು ಕಂಡರೆ ಗಾರ್ಡು ಹಸಿರು ಬಾವುಟವನ್ನು ಸ್ವಲ್ಪ ತಡವಾಗಿ ಬೀಸುತ್ತಾನೆ ಎನ್ನುತ್ತಾರೆ. ಈ ಸಂಗತಿಗಳನ್ನು ಕೇಳಿ ಬರೆದುಕೊಳ್ಳಲು ನಾನು ಹೋಗಿದ್ದಾಗ ಬಿಸಿಲು ಜೋರಾಗಿತ್ತು. ದಣಿದು ಕಟ್ಟೆಯ ತುದಿಯಲ್ಲಿ ಕೂರಹೋದೆ. ಅಲ್ಲಿದ್ದ ಹೆಂಗಸೊಬ್ಬಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ಬಹಳ ವಿನಯದಿಂದ ಹೇಳಿದಳು:

“ಸಿಟ್ಟು ಇದ್ರ ಕುಂದರ್ರಿ ಯಜಮಾನ್ರ. ಇಲ್ಲಂದ್ರ ಅಕಾ, ಅಲ್ಲಿ ಬೆಂಚ್ ಹಾಕ್ಯಾರ.”