ಹಲ್ಲು ಬಿಟ್ಟುಹೋದ ಸೀಟಿ

ಎಲ್ಲರೂ ಕೂತಿರಾ? ಈಗ ನಾಲಿಗೆಯಿಂದ ಹಲ್ಲು ಎಣಿಸಿಕೊಳ್ಳಿ. ಮೇಲಿನವು. ಕೆಳಗಿನವು. ಎಲ್ಲ ಇವೆಯಾ? ಒಂದು ಕಡಿಮೆ ಇದ್ದರೂ ಪರವಾಗಿಲ್ಲ. ಕಡಿಮೆ ಇದ್ದವರು ಮುಂದೆ ಬನ್ನಿ. ಕಥೆ ನಿಮ್ಮದೇ.

ನನಗೆ ಒಬ್ಬ ಮಗಳು. ಹೆಸರು ಸಾವಂತ್ರಿ. ಆಗ ಅವಳಿಗೆ ಆರು ವರ್ಷ. ಒಂದು ಬೆಳಿಗ್ಗೆ ಕಟ್ಟೆಯ ಮೇಲೆ ಕೂತು ಕಟುಂ ಕುಟುಂ ಕಡಲೆ ತಿನ್ನುತ್ತಿದ್ದಳು. ಕಡಲೆ ಗಟ್ಟಿ. ಹಲ್ಲು ಸಡಿಲ. ಪುಟಕ್ ಅಂತ ಮುಂದಿನ ಹಲ್ಲು ಬಿತ್ತು.

ಹಲ್ಲು ಬಿದ್ದರೆ ನಮ್ಮೂರಲ್ಲಿ ಏನು ಮಾಡುತ್ತಾರೆ? ಸಗಣಿ ಉಂಡೆಯೊಳಗೆ ಹಲ್ಲು ಇಡುತ್ತಾರೆ. ಉಂಡೆಯನ್ನು ಮಾಳಿಗೆ ಮೇಲೆ ಎಸೆಯುತ್ತಾರೆ. ಮಾಳಿಗೆ ಹಳೇ ಹಲ್ಲು ಇಟ್ಟುಕೊಳ್ಳುತ್ತದೆ, ಹೊಸ ಹಲ್ಲು ಕಳಿಸುತ್ತದೆ. ಎಸೆಯದೆ ಹೋದರೆ? ಅಜ್ಜಿಯ ಹಾಗೆ ಬೊಚ್ಚು ಬಾಯಿ. ಇದು ಅಜ್ಜಿಯೇ ಹೇಳಿದ್ದು.

ಆದರೆ ಹಲ್ಲು ಅಂಗಳಕ್ಕೆ ಉರುಳಿತು. ಬೆಳ್ಳಗಿತ್ತು. ಜೋಳದ ಕಾಳಿನಷ್ಟೇ ಇತ್ತು. ನಮ್ಮ ಕೋಳಿ ಅದನ್ನು ಜೋಳ ಅಂದುಕೊಂಡಿತು. ಕೊಕ್ಕಿನಲ್ಲಿ ಎತ್ತಿತು. ಓಡಿತು. ಬುಟ್ಟಿಯೊಳಗೆ ಹಾರಿತು. ಹಲ್ಲನ್ನು ಹೊಟ್ಟೆಯ ಕೆಳಗೆ ಹಾಕಿಕೊಂಡು ಕೂತೇ ಬಿಟ್ಟಿತು.

ಸಾವಂತ್ರಿ ಅಳುತ್ತಾ ನನ್ನ ಹತ್ತಿರ ಬಂದಳು. ನಾನು ರೊಟ್ಟಿ ಬಡಿಯುತ್ತಿದ್ದೆ. ಕೈತುಂಬ ಹಿಟ್ಟು. ಹಂಚಿನ ಮೇಲೆ ರೊಟ್ಟಿ.

"ಹಲ್ಲು ನಿಂದು. ನೀನ ಹೋಗಿ ಕೇಳು," ಅಂದೆ.

ಅಂಗಳ ದಾಟಿ ಒಬ್ಬಳೇ ಎಲ್ಲಿಗೂ ಹೋದವಳಲ್ಲ ಅವಳು. ಕೋಳಿಯವರೆಗೆ ತಾನೇ, ಹೋಗಲಿ ಅಂದುಕೊಂಡೆ.

ಸಾವಂತ್ರಿ ಕೋಳಿಯ ಹತ್ತಿರ ಹೋದಳು. ಸ್ವಲ್ಪ ಏಳು ಅಂತ ಕೇಳಬೇಕಿತ್ತು. ಬಾಯಿ ತೆರೆದಳು. "ಸ್ವೀಂಽಽಲ್ಪ ಏಳು."

ಅಯ್ಯೋ, ಅದೇನು ಸದ್ದು? ಹಲ್ಲಿನ ಸಂದಿಯಿಂದ ಗಾಳಿ ಹೊರಟಿತ್ತು. ಸೀಟಿಯಾಗಿತ್ತು. ಕೋಳಿ ಕೊಕ್ಕೊಕ್ಕೊ ಅಂತ ನಕ್ಕಿತು. ಸಾವಂತ್ರಿ ನಾಚಿ ಬಾಯಿಗೆ ಕೈ ಅಡ್ಡ ಇಟ್ಟಳು.

"ನಾ ಏಳೂದಿಲ್ಲ. ಕಲ್ಲಿಲ್ಲದ ಜೋಳ ಒಂದ ಹಿಡಿ ತಾ," ಅಂದಿತು ಕೋಳಿ.

ಜೋಳ ಬಂದರೆ ಕೋಳಿ ಏಳುತ್ತದೆ.
ಕೋಳಿ ಎದ್ದರೆ ಹಲ್ಲು ಸಿಗುತ್ತದೆ.

ಸಾವಂತ್ರಿ ಹಿತ್ತಲಿಗೆ ಓಡಿದಳು. ಅಲ್ಲಿ ಅಜ್ಜಿ ಜೋಳದ ಚೀಲದ ಮುಂದೆ ಕೂತಿದ್ದಳು. "ಅಜ್ಜಿ, ಸ್ವೀಂಽಽಲ್ಪ ಜೋಳ ಕೊಡು."

ಅಜ್ಜಿ ಬೊಚ್ಚು ಬಾಯಿ ತೆರೆದು ನಕ್ಕಳು. ನನ್ನ ಬಾಯಾಗ ಒಂದೂ ಹಲ್ಲಿಲ್ಲ, ಸೀಟಿನೂ ಇಲ್ಲ ಅಂದಳು. ಸಾವಂತ್ರಿ ಬಾಯಿಗೆ ಕೈ ಅಡ್ಡ ಇಟ್ಟಳು. ಜೋಳದಲ್ಲಿ ಕಲ್ಲಿತ್ತು, ಕೇರಬೇಕಿತ್ತು. ಕೇರೋಣ ಅಂದರೆ ಮೊರದ ಅಂಚು ಬಿಚ್ಚಿಹೋಗಿತ್ತು. ಮೊರ ಕಟ್ಟಿಸಿಕೊಂಡು ಬಾ ಅಂದಳು ಅಜ್ಜಿ.

ಮೊರ ಬಂದರೆ ಅಜ್ಜಿ ಕೇರುತ್ತಾಳೆ.
ಅಜ್ಜಿ ಕೇರಿದರೆ ಜೋಳ ಬರುತ್ತದೆ.
ಜೋಳ ಬಂದರೆ ಕೋಳಿ ಏಳುತ್ತದೆ.
ಕೋಳಿ ಎದ್ದರೆ ಹಲ್ಲು ಸಿಗುತ್ತದೆ.

ಸಾವಂತ್ರಿ ಮೊರವನ್ನು ತಲೆಯ ಮೇಲೆ ಇಟ್ಟುಕೊಂಡಳು. ಅಂಗಳ ದಾಟಿದಳು. ಒಬ್ಬಳೇ ದಾಟಿದಳು. ಓಣಿಯ ತಿರುವಿನಲ್ಲಿ ಬುಟ್ಟಿ ಹೆಣೆಯುವ ದುರ್ಗವ್ವ ಇದ್ದಳು. "ಚಿಗವ್ವ, ಮೊರ ಸ್ವೀಂಽಽಲ್ಪ ಕಟ್ಟಿಕೊಡು."

ಯಾರ ಮನೆಯ ಕುಕ್ಕರ್ ಕೂಗಿತು ಅಂತ ದುರ್ಗವ್ವ ಆಚೀಚೆ ನೋಡಿದಳು. ಆಮೇಲೆ ಸಾವಂತ್ರಿಯ ಬಾಯಿ ನೋಡಿದಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ಸಾವಂತ್ರಿ ಬಾಯಿಗೆ ಕೈ ಅಡ್ಡ ಇಟ್ಟಳು. ಮೊರ ಕಟ್ಟಲು ಬಿದಿರಿನ ಪಟ್ಟಿ ಬೇಕು. ಬಿದಿರು ಸೀಳಲು ಕತ್ತಿ ಬೇಕು. ದುರ್ಗವ್ವನ ಕತ್ತಿಯೋ ಪೂರಾ ಮೊಂಡು, ಬೆಣ್ಣೆಯನ್ನೂ ಕೊಯ್ಯುವುದಿಲ್ಲ. ಇದನ್ನು ಕಮ್ಮಾರ ಈರಣ್ಣನಿಗೆ ಕೊಡು, ಮಸೆಯಲಿ ಅಂದಳು.

ಕತ್ತಿ ಮಸೆದರೆ ದುರ್ಗವ್ವ ಮೊರ ಕಟ್ಟುತ್ತಾಳೆ.
ಮೊರ ಬಂದರೆ ಅಜ್ಜಿ ಕೇರುತ್ತಾಳೆ.
ಅಜ್ಜಿ ಕೇರಿದರೆ ಜೋಳ ಬರುತ್ತದೆ.
ಜೋಳ ಬಂದರೆ ಕೋಳಿ ಏಳುತ್ತದೆ.
ಕೋಳಿ ಎದ್ದರೆ ಹಲ್ಲು ಸಿಗುತ್ತದೆ.

ಸಾವಂತ್ರಿ ಮೊಂಡು ಕತ್ತಿ ಹಿಡಿದು ನಡೆದಳು. ಓಣಿ ಮುಗಿಯಿತು. ಬೇವಿನ ಮರ ಬಂತು. ಮರದ ಕೆಳಗೆ ಈರಣ್ಣನ ಕುಲುಮೆ. "ಕಾಕಾ, ಕತ್ತಿ ಸ್ವೀಂಽಽಲ್ಪ ಮಸೆದುಕೊಡು."

ಈರಣ್ಣ ಗಾಬರಿಯಾದ. ತಿದಿ ತೂತಾಗಿ ಗಾಳಿ ಸೋರುತ್ತಿದೆ ಅಂದುಕೊಂಡ. ತಿದಿಯನ್ನು ಮುಟ್ಟಿ ಮುಟ್ಟಿ ನೋಡಿದ. ಸಾವಂತ್ರಿ ಬಾಯಿಗೆ ಎರಡೂ ಕೈ ಅಡ್ಡ ಇಟ್ಟಳು.

"ಬೆಳಗಿಂದ ಚಹಾ ಕುಡದಿಲ್ಲವ್ವ. ಚಹಾ ಇಲ್ಲಂದ್ರ ನನ್ನ ಕೈ ಏಳಂಗಿಲ್ಲ," ಅಂದ ಈರಣ್ಣ. ನೀರು ಕುದಿಯುತ್ತಿತ್ತು. ಪುಡಿ ಇತ್ತು. ಬೆಲ್ಲ ಇತ್ತು. ಹಾಲು ಮಾತ್ರ ಇರಲಿಲ್ಲ.

ಹಾಲು ಬಂದರೆ ಈರಣ್ಣ ಚಹಾ ಕುಡಿಯುತ್ತಾನೆ.
ಚಹಾ ಕುಡಿದರೆ ಕತ್ತಿ ಮಸೆಯುತ್ತಾನೆ.
ಕತ್ತಿ ಮಸೆದರೆ ದುರ್ಗವ್ವ ಮೊರ ಕಟ್ಟುತ್ತಾಳೆ.
ಮೊರ ಬಂದರೆ ಅಜ್ಜಿ ಕೇರುತ್ತಾಳೆ.
ಅಜ್ಜಿ ಕೇರಿದರೆ ಜೋಳ ಬರುತ್ತದೆ.
ಜೋಳ ಬಂದರೆ ಕೋಳಿ ಏಳುತ್ತದೆ.
ಕೋಳಿ ಎದ್ದರೆ ಹಲ್ಲು ಸಿಗುತ್ತದೆ.

ಇಷ್ಟುದ್ದ ಪಾಠ. ಆದರೂ ಒಂದನ್ನೂ ಮರೆಯಲಿಲ್ಲ ನನ್ನ ಮಗಳು. ಬೆರಳು ಮಡಚಿ ಮಡಚಿ ಎಣಿಸುತ್ತಾ ಓಡಿದಳು. ಊರಿನ ಕೊನೇ ಮನೆ ನಿಂಗವ್ವನದು. ಮನೆಯ ಮುಂದೆ ನಿಂಗವ್ವನ ಆಕಳು ಗೌರಿ. "ಗೌರಿ, ಸ್ವೀಂಽಽಲ್ಪ ಹಾಲು ಕೊಡು."

ಗೌರಿ ನಗಲಿಲ್ಲ. ಒಂದು ಕಿವಿ ಎತ್ತಿತು. ಇನ್ನೊಂದು ಕಿವಿಯನ್ನೂ ಎತ್ತಿತು. ಆಮೇಲೆ ಅಂದಿತು, "ನನ್ನ ಕರು ಎಲ್ಲಿ? ಕರು ಬರೂತನಕ ಹಾಲು ಇಳಸಾಂಗಿಲ್ಲ."

ಕರುವಿನ ಹೆಸರು ಸೋಮಿ. ಸೋಮಿ ಹಗ್ಗ ಬಿಡಿಸಿಕೊಂಡು ಸೂರ್ಯಕಾಂತಿ ಹೊಲಕ್ಕೆ ನುಗ್ಗಿತ್ತು. ಗಿಡ ಎತ್ತರ, ಕರು ಗಿಡ್ಡ. ಎಲ್ಲಿ ನೋಡಿದರೂ ಹಳದಿ. ನಿಂಗವ್ವ ಕೂಗಿ ಕೂಗಿ ಗಂಟಲು ಕೂತುಹೋಗಿತ್ತು. ಪಾಪ, ಮಾತೇ ಹೊರಡದೆ ಬರೀ ಕೈಸನ್ನೆ ಮಾಡುತ್ತಿದ್ದಳು.

ಸಾವಂತ್ರಿ ಹೊಲದ ಬದುವಿನ ಮೇಲೆ ನಿಂತಳು. ಈಗ ಕೂಗಬೇಕು. ಕೂಗಿದರೆ ಸೀಟಿ ಬರುತ್ತದೆ. ಸೀಟಿ ಬಂದರೆ ಎಲ್ಲರೂ ನಗುತ್ತಾರೆ. ಕೂಗದಿದ್ದರೆ ಕರು ಇಲ್ಲ. ಕರು ಇಲ್ಲದಿದ್ದರೆ ಹಾಲಿಲ್ಲ. ಹಾಲಿಲ್ಲದಿದ್ದರೆ ಚಹಾ ಇಲ್ಲ. ಚಹಾ ಇಲ್ಲದಿದ್ದರೆ ಕತ್ತಿ ಇಲ್ಲ. ಕತ್ತಿ ಇಲ್ಲದಿದ್ದರೆ ಮೊರ ಇಲ್ಲ. ಮೊರ ಇಲ್ಲದಿದ್ದರೆ ಜೋಳ ಇಲ್ಲ. ಜೋಳ ಇಲ್ಲದಿದ್ದರೆ ಕೋಳಿ ಏಳುವುದಿಲ್ಲ. ಕೋಳಿ ಏಳದಿದ್ದರೆ ಹಲ್ಲೂ ಇಲ್ಲ!

ಬಾಯಿಗೆ ಕೈ ಇಟ್ಟುಕೊಂಡೇ ಒಮ್ಮೆ ಕರೆದಳು. ಪುಸ್ ಅಂದಿತು ಅಷ್ಟೇ. ಎಲೆಯೂ ಅಲುಗಲಿಲ್ಲ.

ಸಾವಂತ್ರಿ ಕೈ ತೆಗೆದಳು. ಬಾಯಿ ಅಗಲ ಮಾಡಿದಳು. ಹೊಟ್ಟೆತುಂಬ ಉಸಿರು ಎಳೆದುಕೊಂಡಳು.

"ಸ್ವೀಂಽಽಽಽಽಽಮಿ!"

ಹೊಲದ ಮೇಲಿನ ಗಿಳಿಗಳೆಲ್ಲ ಎದ್ದವು. ಹಳದಿಯ ನಡುವೆ ಏನೋ ಅಲ್ಲಾಡಿತು. ಒಂದು ಕಿವಿ ಕಂಡಿತು. ಎರಡು ಕಿವಿ ಕಂಡವು. ದಡದಡ ದಡದಡ ಸೋಮಿ ಓಡಿ ಬಂತು. ನೇರ ಬಂದು ಸಾವಂತ್ರಿಯ ಲಂಗ ನೆಕ್ಕಿತು.

ಇನ್ನು ನೋಡಿ ಮಜಾ.

ಕರು ಬಂತು, ಗೌರಿ ಹಾಲು ಇಳಿಸಿತು. ನಿಂಗವ್ವ ತಂಬಿಗೆ ತುಂಬ ಕರೆದುಕೊಟ್ಟಳು. ಗೌರಿಗೂ ಖುಷಿ. ಖುಷಿಯಲ್ಲಿ ಥಪ್ ಅಂತ ಸಗಣಿಯನ್ನೂ ಹಾಕಿತು. ಸಗಣಿಯೂ ಬೇಕಾಗಿತ್ತಲ್ಲ! ನಿಂಗವ್ವ ಒಂದು ಉಂಡೆ ಮಾಡಿ ಮುತ್ತಲದ ಎಲೆಯಲ್ಲಿಟ್ಟು ಕೊಟ್ಟಳು.
ಹಾಲು ಬಂತು, ಈರಣ್ಣ ಚಹಾ ಕುಡಿದ.
ಚಹಾ ಕುಡಿದ, ಕತ್ತಿ ಮಸೆದ. ಹರಿತ ಕತ್ತಿ ಮಕ್ಕಳ ಕೈಗೆ ಕೊಡಬಾರದು ಅಂತ ತಾನೇ ಹಿಡಿದುಕೊಂಡು ಬಂದ.
ಕತ್ತಿ ಬಂತು, ದುರ್ಗವ್ವ ಮೊರ ಕಟ್ಟಿದಳು.
ಮೊರ ಬಂತು, ಅಜ್ಜಿ ಕೇರಿದಳು.
ಅಜ್ಜಿ ಕೇರಿದಳು, ಜೋಳ ಬಂತು.
ಜೋಳ ಬಂತು, ಕೋಳಿ ಎದ್ದಿತು.
ಕೋಳಿ ಎದ್ದಿತು, ಹಲ್ಲು ಸಿಕ್ಕಿತು!

ಹಲ್ಲು ಬೆಚ್ಚಗಿತ್ತು. ಪಕ್ಕದಲ್ಲೇ ಒಂದು ಮೊಟ್ಟೆಯೂ ಇತ್ತು. ಕೋಳಿ ಅದರ ಬಗ್ಗೆ ಏನೂ ಹೇಳಲಿಲ್ಲ.

ಸಾವಂತ್ರಿ ಹಲ್ಲನ್ನು ಸಗಣಿ ಉಂಡೆಯೊಳಗೆ ಒತ್ತಿದಳು. ಒಂದು ಸಲ ಎಸೆದಳು, ಗೋಡೆಗೆ ತಾಗಿತು. ಎರಡನೇ ಸಲ ಎಸೆದಳು, ನನ್ನ ತಲೆಯ ಮೇಲೆ ಬಿತ್ತು. ಮೂರನೇ ಸಲ ಎಸೆದಳು, ಮಾಳಿಗೆ ಹತ್ತಿತು!

ಆಗ ಅಜ್ಜಿ ಮೂಗು ಅರಳಿಸಿದಳು. ಏನೋ ಸುಟ್ಟ ವಾಸನೆ. ಹಂಚಿನ ಮೇಲಿನ ರೊಟ್ಟಿ ಕರಕಲಾಗಿತ್ತು. ಸಾವಂತ್ರಿ ನನ್ನ ಕೈ ನೋಡಿದಳು. ಹಿಟ್ಟು ಮೊಣಕೈವರೆಗೆ ಒಣಗಿ ಬಿರುಕು ಬಿಟ್ಟಿತ್ತು. ಸೀರೆಯ ಮೇಲೆ ಸೂರ್ಯಕಾಂತಿಯ ಹಳದಿ ಪುಡಿ.

"ಅವ್ವಾ, ನೀ ಎಲ್ಲಿದ್ದಿ?"

"ನಿನ್ನ ಹಿಂದ," ಅಂದೆ.

ಹೌದು ಮಕ್ಕಳೇ. ಅವಳು ಅಂಗಳ ದಾಟಿದಾಗ ನನ್ನ ಎದೆ ಧಸಕ್ ಅಂದಿತ್ತು. ಕೈ ತೊಳೆಯುವುದನ್ನೂ ಮರೆತು ಓಡಿದೆ. ದುರ್ಗವ್ವನ ಗೋಡೆಯ ಹಿಂದೆ ನಿಂತೆ. ಬೇವಿನ ಮರದ ಹಿಂದೆ ನಿಂತೆ. ಹೊಲದ ಬದುವಿನ ಕೆಳಗೆ ಕೂತೆ. ಹೇಳಬೇಡಿ ಅಂತ ಎಲ್ಲರಿಗೂ ಹಿಟ್ಟಿನ ಕೈಯಲ್ಲೇ ಸನ್ನೆ ಮಾಡಿದೆ. ಆ ಸೀಟಿ ಕೇಳಿದಾಗ ಅಳು ಬಂತು, ನಗುವೂ ಬಂತು. ಇಷ್ಟು ಪುಟ್ಟ ಬಾಯಿಂದ ಅಷ್ಟು ದೊಡ್ಡ ಸದ್ದು.

ಮುಂದಿನ ತಿಂಗಳು ಮಾಳಿಗೆ ಮಾತು ಉಳಿಸಿಕೊಂಡಿತು. ಹೊಸ ಹಲ್ಲು ಇಣುಕಿತು. ಅಗಲವಾಗಿ, ಗಟ್ಟಿಯಾಗಿ ಬೆಳೆಯಿತು. ಹಲ್ಲು ಬಂತು, ಸೀಟಿ ಹೋಯಿತು. ಈಗ ಸಾವಂತ್ರಿ ಒಬ್ಬಳೇ ಶಾಲೆಗೆ ಹೋಗುತ್ತಾಳೆ. ನಾನು ಹಿಂದೆ ಹೋಗುವುದಿಲ್ಲ. ಬೇವಿನ ಮರದವರೆಗೆ ಮಾತ್ರ ಹೋಗುತ್ತೇನೆ.

ಅವಳು ಈಗ ಎಲ್ಲರ ಹಾಗೆ ಸರಿಯಾಗಿ "ಸ್ವಲ್ಪ" ಅನ್ನುತ್ತಾಳೆ. ಸೋಮಿ ಮಾತ್ರ ಇವತ್ತಿಗೂ ಕಿವಿ ಎತ್ತಿ ಆ ಸೀಟಿಗೆ ಕಾಯುತ್ತದೆ. ನಾನೂ ಕಾಯುತ್ತೇನೆ.

ಈಗ ಇನ್ನೊಮ್ಮೆ ಹಲ್ಲು ಎಣಿಸಿಕೊಳ್ಳಿ. ಯಾರದಾದರೂ ಅಲ್ಲಾಡುತ್ತಿದ್ದರೆ ಕೋಳಿಯಿಂದ ದೂರ ಕೂತುಕೊಳ್ಳಿ.