ನೂರ ನಲವತ್ತೊಂದು ತುಂಡುಗಳ ರೋಬೋ

ಶಿಂಷಾ ನದಿಯ ದಂಡೆಯಲ್ಲೊಂದು ಆಶ್ರಮ. ಕರಿಯಾಚಾರ್ ಅಲ್ಲಿಯ ಗುರು.

ನಲವತ್ತು ವರ್ಷ ಮರದ ಆಟಿಕೆ ಮಾಡಿದ ಕೈ ಅವರದು. ಕೈ ನಡುಗಲು ಶುರುವಾದ ಮೇಲೆ ಮಾಡುವುದನ್ನು ಬಿಟ್ಟರು. ನೋಡುವುದನ್ನು ಕಲಿಸತೊಡಗಿದರು.

ಸುತ್ತಲಿನ ಹದಿನಾಲ್ಕು ಶಾಲೆಗಳಿಗೆ ಆಶ್ರಮದಿಂದ ಆಟಿಕೆ ಹೋಗುತ್ತಿತ್ತು. ಯಾರು ಏನೇ ಕೊಡಲಿ, ಅದು ಮೊದಲು ಆಶ್ರಮದ ಜಗಲಿಗೆ ಬರಬೇಕು. ಶಿಷ್ಯೆ ಮನೋನ್ಮಣಿ ಅದನ್ನು ಪರೀಕ್ಷಿಸಿ ಒಂದು ಹಾಳೆ ಬರೆಯಬೇಕು. ಅವಳು ಆಗಲಿ ಎಂದರೆ ಶಾಲೆಗೆ, ಬೇಡ ಎಂದರೆ ಕಪಾಟಿಗೆ.

ಹತ್ತು ತಿಂಗಳ ಹಿಂದೆ ಅವಳು ಒಂದು ಮರದ ಗಾಡಿಗೆ ಆಗಲಿ ಎಂದಿದ್ದಳು. ಅದರ ಚಕ್ರದ ಗೂಟ ಕಳಚಿಕೊಂಡಿತು. ಒಂದು ಶಾಲೆಯ ಅಂಗಳದಲ್ಲಿದ್ದ ಅಂಗನವಾಡಿಯ ನಾಲ್ಕು ವರ್ಷದ ಹುಡುಗಿಯೊಬ್ಬಳು ಅದನ್ನು ಮೂಗಿಗೆ ತುರುಕಿಕೊಂಡಳು. ಡಾಕ್ಟರು ಗೂಟ ತೆಗೆದರು. ಮಗುವಿಗೆ ಏನೂ ಆಗಲಿಲ್ಲ.

ಆಮೇಲೆ ಒಂಬತ್ತು ಆಟಿಕೆ ಬಂದವು. ಒಂಬತ್ತಕ್ಕೂ ಮನೋನ್ಮಣಿ ಬೇಡ ಎಂದು ಬರೆದಳು.

ಗುರುಗಳು ಓದಿದರು. ಒಂಬತ್ತನ್ನೂ ಕಪಾಟಿನಲ್ಲಿ ಇಟ್ಟರು.

ಹತ್ತನೆಯದು ಒಂದು ಪುಟ್ಟ ಡಬ್ಬ. ಮೇಲೆ ನೀಲಿ ಮುಖವಾಡದ ಒಬ್ಬ ಸೂಪರ್ ಹೀರೋ. ಹೆಸರು ಸಿಡಿಲಣ್ಣ. ಅವನ ಹಿಂದೆ ಮುಷ್ಟಿ ಎತ್ತಿ ನಿಂತ ಕೆಂಪು ರೋಬೋ. ಒಳಗೆ ಒಂದಕ್ಕೊಂದು ಸಿಕ್ಕಿಸಿ ಕಟ್ಟುವ ಪ್ಲಾಸ್ಟಿಕ್ ತುಂಡುಗಳು. ರೋಬೋ ಕಟ್ಟಿ ಮುಗಿಸಿ, ಅದರ ಎದೆಯೊಳಗೆ ಸಿಡಿಲಣ್ಣನನ್ನು ಕೂರಿಸಬೇಕು.

ಕಳಿಸಿದವರು ಮಾದರಿಗೆಂದು ಒಂದನ್ನೇ ಕಳಿಸಿದ್ದರು. ಒಪ್ಪಿಗೆಯಾದರೆ ಶಾಲೆಗೊಂದರಂತೆ ಹದಿನಾಲ್ಕು ಬರುವುದಿತ್ತು.

"ಇದನ್ನು ನೋಡಿ ಹೇಳಮ್ಮ" ಎಂದರು ಗುರುಗಳು.

ಮನೋನ್ಮಣಿ ಜಗಲಿಯ ಮೇಲೆ ಚಾಪೆ ಹಾಸಿ ಕೂತಳು. ಮುಕ್ಕಾಲು ಗಂಟೆಯಲ್ಲಿ ಕಟ್ಟಿ ಮುಗಿಸಿದಳು. ರೋಬೋ ಅವಳ ಅಂಗೈಯಷ್ಟು ಎತ್ತರವಿತ್ತು.

ಹಾಳೆ ತೆಗೆದು ಬರೆದಳು. ತೀರಾ ಚಿಕ್ಕದು. ಮೊಣಕಾಲು ಮಡಚುವುದಿಲ್ಲ. ಮೊಣಕೈಯೂ ಮಡಚುವುದಿಲ್ಲ. ಎದೆಯ ಸ್ಟಿಕರ್ ಸೊಟ್ಟಗೆ ಕೂರುತ್ತದೆ. ಬೆನ್ನು ಟೊಳ್ಳು. ಹೀಗೆ ಹನ್ನೆರಡು ಕೊರತೆ. ಕೊನೆಯದನ್ನು ಒತ್ತಿ ಬರೆದಳು: ಹನ್ನೊಂದು ತುಂಡುಗಳು ಕಡಲೆಕಾಳಿಗಿಂತ ಸಣ್ಣವು.

ಕೆಳಗೆ, ಬೇಡ.

ಗುರುಗಳು ಓದಿ ಕೇಳಿದರು. "ಹನ್ನೆರಡು ಕೊರತೆ ಕಂಡೆ. ಆಟಿಕೆ ಕಂಡೆಯಾ?"

"ಕೊರತೆ ಇರುವುದು ಆಟಿಕೆಯಲ್ಲೇ ಅಲ್ಲವೇ, ಗುರುಗಳೇ?"

ಗುರುಗಳು ರೋಬೋವನ್ನು ಎತ್ತಿಕೊಂಡರು. ತಲೆ ಕಿತ್ತರು. ಕೈ ಕಿತ್ತರು. ನಡುಗುವ ಬೆರಳುಗಳಿಂದ ಒಂದೊಂದೇ ತುಂಡನ್ನು ಬಿಡಿಸಿ ಮೊರಕ್ಕೆ ಹಾಕಿದರು. ಬಹಳ ಹೊತ್ತು ಹಿಡಿಯಿತು. ಮನೋನ್ಮಣಿ ಸಹಾಯಕ್ಕೆ ಕೈ ಚಾಚಿದಾಗ ಬೇಡವೆಂದು ತಲೆಯಾಡಿಸಿದರು.

ಕೊನೆಯ ತುಂಡನ್ನೂ ಬಿಡಿಸಿ, ಮೊರವನ್ನು ಅವಳ ಮುಂದೆ ತಳ್ಳಿದರು.

"ಮತ್ತೆ ಕಟ್ಟು."

ಮರುದಿನ ಬೆಳಿಗ್ಗೆ ಅವಳು ಮತ್ತೆ ಕೂತಳು. ಈ ಸಲ ಸಾವಕಾಶವಾಗಿ ಕಟ್ಟಿದಳು. ಯಾವ ತುಂಡು ಬಿಗಿ, ಯಾವುದು ಸಡಿಲ, ಕಟ್ಟುವ ಕ್ರಮದ ಯಾವ ಚಿತ್ರ ನೋಡಿ ಮಕ್ಕಳು ತಪ್ಪಬಹುದು, ಎಲ್ಲ ಗುರುತು ಹಾಕಿಕೊಂಡಳು. ಹಿಂದಿನ ದಿನ ಕಾಣದ ಒಂದು ಸಂಗತಿ ಇವತ್ತು ಕಂಡಿತು. ಮೊಣಕಾಲು ಗಟ್ಟಿಯಾಗಿದ್ದದ್ದರಿಂದಲೇ ರೋಬೋ ಒಂಟಿ ಕಾಲಲ್ಲೂ ನಿಲ್ಲುತ್ತಿತ್ತು.

ಅದನ್ನೂ ಬರೆದಳು. ಆದರೆ ಮನಸ್ಸು ಬದಲಾಗಲಿಲ್ಲ.

"ಮಕ್ಕಳ ಕೈಯಲ್ಲಿ ಇದು ಬೀಳದೆ ಇರುವುದಿಲ್ಲ ಗುರುಗಳೇ. ಬಿದ್ದರೆ ಏನಾಗುತ್ತದೆ ಎಂದು ನೋಡುತ್ತೇನೆ."

"ನೋಡು."

ಅವಳು ರೋಬೋವನ್ನು ಸೊಂಟದ ಎತ್ತರದಿಂದ ಕಲ್ಲುಹಾಸಿನ ಮೇಲೆ ಬೀಳಿಸಿದಳು. ಬಲಗೈ ಕಳಚಿ ಹೋಯಿತು. ಹಾಕಿದಳು. ಮತ್ತೆ ಬೀಳಿಸಿದಳು. ತಲೆ ಉರುಳಿತು. ಹಾಕಿದಳು. ಪ್ರತಿ ಸಲವೂ ಹಾಳೆಯ ಮೇಲೆ ಒಂದು ಗೆರೆ ಎಳೆದಳು.

ಗೆರೆಗಳು ಅರವತ್ತಾದವು. ಅಡುಗೆ ಮನೆಯಿಂದ ಊಟಕ್ಕೆ ಕರೆದರು. ಅವಳು ಏಳಲಿಲ್ಲ.

ಗುರುಗಳು ಬಂದು ನಿಂತರು. "ಇನ್ನೂ ಎಷ್ಟು?"

"ನೂರು ಆಗಬೇಕು."

"ಯಾಕೆ?"

"ಮುರಿಯುವವರೆಗೆ ಬಿಡುವುದಿಲ್ಲ."

ಎಂಬತ್ತನೆಯ ಸಲ ಸಿಡಿಲಣ್ಣನೇ ಹೊರಗೆ ಹಾರಿದ. ಅವನ ಜೊತೆ ರೋಬೋ ಎದೆಯ ಒಂದು ಸಣ್ಣ ಹಳದಿ ತುಂಡೂ ಹಾರಿತು. ಸಿಡಿಲಣ್ಣ ಸಿಕ್ಕಿದ. ಹಳದಿ ತುಂಡು ಸಿಗಲಿಲ್ಲ.

ಮನೋನ್ಮಣಿ ಮೊಣಕಾಲೂರಿ ಹುಡುಕಿದಳು. ಕಲ್ಲುಹಾಸಿನ ಸಂದಿಯಲ್ಲಿ, ತುಳಸಿಕಟ್ಟೆಯ ಬುಡದಲ್ಲಿ, ಹುಲ್ಲಿನಲ್ಲಿ. ಗುರುಗಳೂ ಪಂಚೆ ಎತ್ತಿಕಟ್ಟಿ ಅವಳ ಪಕ್ಕ ಕೂತು ಹುಲ್ಲು ಕೆದಕಿದರು. ಒಂದು ಗಂಟೆಯ ಮೇಲೆ ಅದು ಸಿಕ್ಕಿತು. ಅವಳದೇ ಸೆರಗಿನ ಮಡಿಕೆಯಲ್ಲಿತ್ತು.

ಅವಳು ಎಲ್ಲ ತುಂಡುಗಳನ್ನೂ ಮೊರಕ್ಕೆ ಸುರಿದು ಎಣಿಸಿದಳು. ನೂರ ನಲವತ್ತೊಂದು. ಎರಡನೆಯ ಸಲ ಎಣಿಸಿದಳು. ನೂರ ನಲವತ್ತೊಂದು.

ಆಮೇಲೆ ರೋಬೋ ಕಟ್ಟಿ, ಉಳಿದ ಇಪ್ಪತ್ತು ಸಲವೂ ಬೀಳಿಸಿದಳು.

ಸಂಜೆ ಹಾಳೆಯನ್ನು ಗುರುಗಳ ಮುಂದೆ ಇಟ್ಟಳು. ಅದರಲ್ಲಿ ಹೀಗಿತ್ತು: ನೂರು ಸಲ ಬಿತ್ತು. ಎಪ್ಪತ್ತಮೂರು ಸಲ ಕಳಚಿತು. ಒಂದು ಸಲವೂ ಮುರಿಯಲಿಲ್ಲ.

ಕೆಳಗೆ ಮತ್ತೆ, ಬೇಡ.

"ಮುರಿಯಲಿಲ್ಲವಲ್ಲ?" ಎಂದರು ಗುರುಗಳು.

"ಸಣ್ಣ ತುಂಡುಗಳಿವೆ."

"ಸಣ್ಣ ತುಂಡು ಇದ್ದರೆ?"

"ಮೂಗಿಗೆ ಹೋಗುತ್ತದೆ."

"ಯಾರ ಮೂಗಿಗೆ?"

ನದಿಯ ಕಡೆಯಿಂದ ಯಾರೋ ಬಟ್ಟೆ ಒಗೆಯುವ ಸದ್ದು ಬರುತ್ತಿತ್ತು.

"ಆ ಮಗುವಿನ ಹೆಸರೇನು?" ಗುರುಗಳು ಕೇಳಿದರು.

"ಹಂಸ."

"ಹೇಗಿದ್ದಾಳೆ?"

"ಗೊತ್ತಿಲ್ಲ."

"ನೀನು ಹೋಗಲಿಲ್ಲವೇ?"

"ಯಾವ ಮುಖ ಹೊತ್ತು ಹೋಗಲಿ, ಗುರುಗಳೇ? ಆ ಗಾಡಿಗೆ ಆಗಲಿ ಎಂದು ಬರೆದವಳು ನಾನೇ."

ಗುರುಗಳು ಹಾಳೆಯನ್ನು ಅವಳ ಕಡೆಗೆ ಸರಿಸಿದರು. ಆಮೇಲೆ ಹೇಳಿದರು. "ಹತ್ತು ತಿಂಗಳಿಂದ ನೀನು ಒಂದು ಮೂಗನ್ನೇ ನೋಡುತ್ತಿದ್ದೀಯ. ನಾಳೆ ಹೋಗಿ ಮಗುವನ್ನು ನೋಡು. ಡಬ್ಬ ಜೊತೆಗಿರಲಿ."

"ಅವರು ಬೈದರೆ?"

"ಬೈಸಿಕೊಂಡು ಬಾ."

ರಾತ್ರಿಯೆಲ್ಲ ಅವಳಿಗೆ ಹೋಗುವುದು ಬೇಡವೆನ್ನಿಸುತ್ತಿತ್ತು. ಬೆಳಗಾದಾಗ ಡಬ್ಬವನ್ನು ಚೀಲಕ್ಕೆ ಹಾಕಿಕೊಂಡಳು. ಸೇತುವೆ ದಾಟಿ, ಕಬ್ಬಿನ ಗದ್ದೆಗಳ ನಡುವೆ ಮೂರು ಮೈಲಿ ನಡೆದು ಆ ಶಾಲೆ ತಲುಪಿದಳು.

ಹಂಸಳ ತಾಯಿ ಪುಟ್ಟಲಕ್ಷ್ಮಿ ಅದೇ ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಅಡುಗೆ ಕೋಣೆಯ ಬಾಗಿಲಲ್ಲಿ ಕೂತು ಸೌತೆಕಾಯಿ ಹೆಚ್ಚುತ್ತಿದ್ದಳು. ಮನೋನ್ಮಣಿ ಎದುರಿಗೆ ನಿಂತು ತಾನು ಯಾರೆಂದು ಹೇಳಿದಳು. ಗಾಡಿಯನ್ನು ಪರೀಕ್ಷೆ ಮಾಡಿದ್ದು ತಾನೇ, ಗೂಟವನ್ನು ಎಳೆದು ನೋಡದೆ ಬಿಟ್ಟದ್ದು ತನ್ನದೇ ತಪ್ಪು ಎಂದಳು.

ಪುಟ್ಟಲಕ್ಷ್ಮಿ ಈಳಿಗೆಯಿಂದ ಕೈ ತೆಗೆಯಲಿಲ್ಲ.

"ಅವತ್ತು ನನ್ನ ಜೀವ ಬಾಯಿಗೆ ಬಂದಿತ್ತು ಕಣಕ್ಕ" ಎಂದಳು. "ಈಗ ಹೇಳೋಕೆ ಬಂದ್ರಾ?"

"ಹೌದು. ಆಗಲೇ ಬರಬೇಕಿತ್ತು."

"ಸರಿ, ಅದು ಹೋಗ್ಲಿ. ಮಗು ಚೆನ್ನಾಗವ್ಳೆ. ಆದ್ರೆ ಆಮೇಲೆ ನೀವು ಮಾಡಿದ್ದು ನಂಗೆ ಸರಿ ಬರ್ಲಿಲ್ಲ."

"ಆಮೇಲೆ ನಾನೇನು ಮಾಡಿದೆ?"

"ಆಟದ ಸಾಮಾನು ಕಳ್ಸೋದನ್ನೇ ನಿಲ್ಲಿಸಿಬಿಟ್ರಲ್ಲ. ಮಕ್ಕಳು ಸುಮ್ನಿರ್ತಾವಾ? ಎಲ್ಲಾ ನನ್ನ ಮಗಳನ್ನೇ ಅಂತಾವೆ. ನೀನು ಮೂಗಿಗೆ ಹಾಕ್ಕೊಂಡೆ, ಅದಕ್ಕೇ ನಮ್ಗೆ ಆಟಿಕೆ ಬರ್ತಿಲ್ಲ, ಅಂತ. ಅವಳನ್ನ ಆಟಕ್ಕೇ ಸೇರಿಸ್ಕೊಳ್ಳಲ್ಲ. ಗೂಟ ಒಂದೇ ದಿನಕ್ಕೆ ಹೊರಗೆ ಬಂತು. ಈ ಮಾತು ಇನ್ನೂ ಒಳಗೇ ಐತೆ."

ಮನೋನ್ಮಣಿ ಚೀಲವನ್ನು ಕೆಳಗಿಟ್ಟಳು. ಬಾಗಿಲ ಕಟ್ಟೆಯ ಮೇಲೆ ಕೂತಳು. ಒಂಬತ್ತು ಹಾಳೆಗಳೂ ಕಣ್ಣ ಮುಂದೆ ಬಂದವು. ಒಂದೊಂದನ್ನೂ ಮಕ್ಕಳ ಒಳ್ಳೆಯದಕ್ಕೆ ಎಂದೇ ಬರೆದಿದ್ದಳು.

"ಇದು ನನಗೆ ಗೊತ್ತಿರಲಿಲ್ಲ" ಎಂದಳು.

"ಬಂದಿದ್ರೆ ಗೊತ್ತಾಗ್ತಿತ್ತು" ಎಂದು ಪುಟ್ಟಲಕ್ಷ್ಮಿ ಇನ್ನೊಂದು ಸೌತೆಕಾಯಿ ತೆಗೆದುಕೊಂಡಳು.

ಮನೋನ್ಮಣಿ ಎದ್ದಳು. ಮೇಷ್ಟ್ರನ್ನು ಕೇಳಿ ನಾಲ್ಕನೆಯ ತರಗತಿಗೆ ಹೋದಳು. ನೆಲದ ಮೇಲೆ ಬಿಳಿ ಬಟ್ಟೆ ಹಾಸಿ ಡಬ್ಬ ಸುರಿದಳು.

"ಆಟಿಕೆ ನಿಂತದ್ದು ಯಾರಿಂದ ಗೊತ್ತಾ?" ಎಂದು ಮಕ್ಕಳನ್ನು ಕೇಳಿದಳು.

"ಹಂಸನಿಂದ" ಎಂದಿತು ತರಗತಿ.

"ಅಲ್ಲ. ನನ್ನಿಂದ. ಗಾಡಿಯ ಗೂಟ ಸಡಿಲ ಇದ್ದದ್ದನ್ನು ನಾನು ನೋಡಲಿಲ್ಲ. ಆಮೇಲೆ ಹೆದರಿಕೊಂಡು ನಿಲ್ಲಿಸಿದವಳೂ ನಾನೇ. ಹಂಸಳನ್ನು ಇನ್ನು ಯಾರೂ ಏನೂ ಅನ್ನಬೇಡಿ. ಅನ್ನಬೇಕು ಅನ್ನಿಸಿದರೆ ಈಗಲೇ ನನಗೆ ಅನ್ನಿ."

ಮಕ್ಕಳು ಮುಖ ಮುಖ ನೋಡಿಕೊಂಡರು. ಒಬ್ಬ ಹುಡುಗ ರೋಬೋದ ಕಾಲನ್ನು ಕೈಗೆತ್ತಿಕೊಂಡ.

ಆರು ಮಕ್ಕಳು ಸುತ್ತ ಕೂತು ಕಟ್ಟಿದರು. ಮನೋನ್ಮಣಿ ಕೈ ಹಾಕಲಿಲ್ಲ. ಪಾದ ಹಿಂದುಮುಂದಾಯಿತು, ಬಿಚ್ಚಿ ಸರಿಮಾಡಿದರು. ಸ್ಟಿಕರ್ ಸೊಟ್ಟಗಾಯಿತು, ಅದನ್ನು ಯಾರೂ ಗಮನಿಸಲೇ ಇಲ್ಲ.

"ಈ ಸಿಡಿಲಣ್ಣ ಯಾಕೆ ಇಷ್ಟು ಚಿಕ್ಕೋನು?" ಒಬ್ಬಳು ಕೇಳಿದಳು.

"ಚಿಕ್ಕೋನು ಅಂತಾನೇ ಅಲ್ವಾ ರೋಬೋ ಒಳಗೆ ಕೂತ್ಕೊಳ್ಳೋದು?" ಎಂದಳು ಇನ್ನೊಬ್ಬಳು.

ಮನೋನ್ಮಣಿ ಅದನ್ನು ಬರೆದುಕೊಂಡಳು.

ಅಷ್ಟರಲ್ಲಿ ಬಾಗಿಲಲ್ಲಿ ಒಂದು ಪುಟ್ಟ ಹುಡುಗಿ ಬಂದು ನಿಂತಳು. ಎರಡು ಜಡೆ, ಕೈಯಲ್ಲಿ ಊಟದ ತಟ್ಟೆ. ಒಳಗೆ ಬರಲಿಲ್ಲ. ಮಕ್ಕಳಲ್ಲೊಬ್ಬ ಸರಿದು ಜಾಗ ಮಾಡಿದ. ಆಗ ಬಂದು ಬಟ್ಟೆಯ ಅಂಚಿನಲ್ಲಿ ಕೂತಳು.

ಹಂಸ ರೋಬೋವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಮನೋನ್ಮಣಿಯನ್ನು ನೋಡಿದಳು.

"ನಾನೂ ಕಟ್ಟಬೋದಾ?"

ಹೂಂ ಅನ್ನುವುದು ಎಷ್ಟು ಸುಲಭವಾಗಿತ್ತು. ಮನೋನ್ಮಣಿ ಆ ಮುಖವನ್ನೂ ನೋಡಿದಳು, ರೋಬೋದಲ್ಲಿದ್ದ ಹನ್ನೊಂದು ಸಣ್ಣ ತುಂಡುಗಳನ್ನೂ ನೋಡಿದಳು.

"ಕಟ್ಟಿದ್ದನ್ನು ಇಲ್ಲೇ ಕೂತು ಆಡಿಸಬಹುದು. ನಾನು ಪಕ್ಕದಲ್ಲಿರುತ್ತೇನೆ. ಕಟ್ಟೋದಕ್ಕೆ ನಿನಗೆ ಏಳು ವರ್ಷ ಆಗಬೇಕು."

"ನಂಗೀಗ ಐದು."

"ಇನ್ನು ಎರಡು ವರ್ಷ."

"ಆಗ್ಲೂ ಇದು ಇರುತ್ತಾ?"

"ಇರುತ್ತೆ. ಇರುವ ಹಾಗೆ ನಾನು ನೋಡಿಕೊಳ್ಳುತ್ತೇನೆ."

ಹಂಸ ರೋಬೋವನ್ನು ಎರಡು ಕೈಯಲ್ಲಿ ಎತ್ತಿಕೊಂಡು ತನ್ನ ತಟ್ಟೆಯ ಮೇಲೆ ನಿಲ್ಲಿಸಿದಳು. ಅದನ್ನು ತಟ್ಟೆಯ ಸುತ್ತ ಒಂದು ಸುತ್ತು ನಡೆಸಿದಳು. ಬಲಗೈ ಕಳಚಿ ಬಿತ್ತು. ಅವಳು ಬೆಚ್ಚಿ ಕೈ ಹಿಂದಕ್ಕೆ ಎಳೆದುಕೊಂಡಳು.

"ಏನೂ ಆಗಿಲ್ಲ" ಎಂದು ಪಕ್ಕದ ಹುಡುಗಿ ಕೈಯನ್ನು ಹಾಕಿ ಕೊಟ್ಟಳು. "ಆಡ್ಸು."

ಆಟ ಮುಗಿದ ಮೇಲೆ ಮಕ್ಕಳೇ ರೋಬೋ ಬಿಚ್ಚಿದರು, ತುಂಡು ಎಣಿಸಿದರು. ನೂರ ಮೂವತ್ತೊಂಬತ್ತು ಬಂತು. ಯಾರೂ ಏಳಲಿಲ್ಲ. ಒಂದು ಬಟ್ಟೆಯ ಕೆಳಗೆ ಸಿಕ್ಕಿತು, ಇನ್ನೊಂದು ಒಬ್ಬನ ಜೇಬಿನಲ್ಲಿ. ನೂರ ನಲವತ್ತೊಂದಾದ ಮೇಲೆ ಡಬ್ಬ ಮುಚ್ಚಿದರು.

ಹೊರಡುವಾಗ ಪುಟ್ಟಲಕ್ಷ್ಮಿ ಕರೆದು ತಟ್ಟೆಗೆ ಅನ್ನ, ಸೌತೆಕಾಯಿ ಹುಳಿ ಬಡಿಸಿದಳು. ಮನೋನ್ಮಣಿ ಎರಡನೆಯ ಸಲವೂ ಹಾಕಿಸಿಕೊಂಡು ಉಂಡಳು.

ಆಶ್ರಮಕ್ಕೆ ಬಂದವಳು ಕೈಕಾಲು ತೊಳೆದು ನೇರವಾಗಿ ಜಗಲಿಗೆ ಹೋದಳು. ಹೊಸ ಹಾಳೆ ತೆಗೆದಳು.

"ಚಿಕ್ಕದು. ಒಳಗೆ ಕೂರುವವನೂ ಚಿಕ್ಕವನು, ಮಕ್ಕಳಿಗೆ ಅದು ಹಿಡಿಸಿತು. ಮೊಣಕಾಲು ಮಡಚುವುದಿಲ್ಲ, ಆದ್ದರಿಂದ ಚೆನ್ನಾಗಿ ನಿಲ್ಲುತ್ತದೆ. ಬಿದ್ದರೆ ಕಳಚುತ್ತದೆ, ಮುರಿಯುವುದಿಲ್ಲ. ಹನ್ನೊಂದು ತುಂಡುಗಳು ಅಪಾಯವಾಗುವಷ್ಟು ಸಣ್ಣವು. ಏಳು ವರ್ಷ ದಾಟಿದವರು ಮಾತ್ರ ಕಟ್ಟಬೇಕು. ಕಟ್ಟುವಾಗ ಬಿಳಿ ಬಟ್ಟೆ ಹಾಸಬೇಕು, ದೊಡ್ಡವರೊಬ್ಬರು ಜೊತೆಗಿರಬೇಕು. ನೂರ ನಲವತ್ತೊಂದು ಎಣಿಸದೆ ಯಾರೂ ಏಳಬಾರದು. ಹದಿನಾಲ್ಕೂ ಶಾಲೆಗೆ ಆಗಲಿ. ಒಂದೊಂದು ಶಾಲೆಗೂ ನಾನೇ ಒಯ್ದು ತೋರಿಸಿಕೊಟ್ಟು ಬರುತ್ತೇನೆ."

ಗುರುಗಳು ಹಾಳೆಯನ್ನು ಎರಡು ಸಲ ಓದಿದರು. ಮಡಚಿ ಡಬ್ಬದೊಳಗೆ ಇಟ್ಟರು.

ಮನೋನ್ಮಣಿ ಕಪಾಟಿನಲ್ಲಿದ್ದ ಒಂಬತ್ತು ಆಟಿಕೆಗಳನ್ನೂ ಕೆಳಗಿಳಿಸಿದಳು. ಧೂಳು ಒರೆಸಿ, ಚಾಪೆಯ ಮೇಲೆ ಸಾಲಾಗಿ ಇಟ್ಟಳು. ಮೊದಲನೆಯದನ್ನು ಕೈಗೆತ್ತಿಕೊಂಡು, ಅದರ ಪ್ರತಿಯೊಂದು ಗೂಟವನ್ನೂ ಎಳೆದು ನೋಡತೊಡಗಿದಳು.

ನಡುವೆ ಕೈ ನಿಲ್ಲಿಸಿದಳು.

"ಗುರುಗಳೇ, ಇಷ್ಟು ನೋಡಿದ ಮೇಲೂ ಮತ್ತೆ ತಪ್ಪಾದರೆ?"

"ಆಗುತ್ತದೆ" ಎಂದರು ಗುರುಗಳು. "ಆದ ದಿನವೇ ಮಗುವಿನ ಮನೆಗೆ ಹೋಗು. ಆಮೇಲೆ ನನ್ನ ಹತ್ತಿರ ಬಾ."